ಹಗಲಿನ ನಿಯಮ, ರಾತ್ರಿ ಆಟ: ಪೋಕರ್ ಬ್ಯಾಂಕ್‌ರೋಲ್ ಕಟ್ಟಾಕ ಹೋದ ಹುಡುಗನ ಕೇಸ್

ಆ ಹುಡುಗನ್ನ ಕೇಳೇ ಇದನ್ನ ಬರೀಲಾಕತ್ತೀನಿ. ಊರು, ಕೆಲಸ, ಮನಿ ವಿಷಯ ಗುರ್ತು ಸಿಗದಂಗ ಬದಲಿ ಮಾಡೀನಿ, ಲೆಕ್ಕದ ಅಂಕಿ ಮಾತ್ರ ಹಂಗೇ ಬಿಟ್ಟೀನಿ.

27 ವರ್ಷ, ಡಿಪ್ಲೊಮಾ ಆಗ್ಯಾದ, ಕಲಬುರಗಿ ರಿಂಗ್ ರೋಡ್ ಕಡೆ ರೂಮ್ ಮಾಡ್ಕೊಂಡು ಒಂದು ಆಫೀಸ್‌ನಾಗ ಕಾಂಟ್ರ್ಯಾಕ್ಟ್ ಕೆಲಸ, ತಿಂಗಳಿಗಿ 19 ಸಾವಿರ. ಅಪ್ಪಂದು ಆಳಂದ ಕಡೆ ಆರು ಎಕರೆ ತೊಗರಿ ಹೊಲ. ನನ್ನ ಹತ್ರ ಕೌನ್ಸೆಲಿಂಗ್‌ಗೆ ಕರ್ಕೊಂಡು ಬಂದಾಕಿ ಅಕ್ಕ. ಕುಂತಾಕಿನೇ "ಮೇಡಂ, ಇವ ರಾತ್ರಿ ಎರಡು ಹೊಡ್ಯೋತನ ಫೋನ್‌ನಾಗ ಇಸ್ಪೀಟ್ ಆಡ್ತಾನ್ರಿ, ತಂಗಿ ಮದುವಿ ರೊಕ್ಕ ಎಲ್ಲದ ಅಂತ ಕೇಳಿದ್ರ ಬಾಯೇ ಬಿಡಂಗಿಲ್ಲ" ಅಂದ್ಲು. ಅವ ತಲಿ ಎತ್ತದೇ "ಅಕ್ಕಾ, ಅದು ಇಸ್ಪೀಟ್ ಅಲ್ಲ, ಟೂರ್ನಮೆಂಟ್" ಅಂದ.

ಇಲ್ಲಿ ನಾ ಒಂದು ತಪ್ಪು ಮಾಡ್ದೆ. "ಹೆಸರು ಏನರ ಇಡ್ರಿ, ಜೂಜು ಜೂಜೇ ಅಲ್ಲೇನ್ರಿ" ಅಂತ ಅಂದುಬಿಟ್ಟೆ. ಅಷ್ಟೇ, ಮುಂದ ಅರ್ಧ ತಾಸು ಹೂಂ ಉಹೂಂ ಬಿಟ್ರ ಮಾತಿಲ್ಲ, ಮತ್ತ ಬರ್ಲಾಕ ಎರಡು ವಾರ ತೊಗೊಂಡ. ಇಷ್ಟು ವರ್ಷ ಈ ಕೆಲಸ ಮಾಡಿನೂ ನಾಲಿಗಿ ಒಮ್ಮೊಮ್ಮೆ ಹಿಂಗ ಓಡ್ತದ.

ಎರಡನೇ ಸಲ ಬಂದಾಗ ಬ್ಯಾರೆ ದಾರಿ ಹಿಡ್ದೆ. "ನನಗ ಈ ಪೋಕರ್ ಅನ್ನೋ ಇಸ್ಪೀಟ್ ಆಟ ಬರಂಗಿಲ್ಲ, ನೀವೇ ಕಲಿಸ್ರಿ" ಅಂದೆ. ಆವಾಗ ಹುಡುಗನ ಮುಖ ನೋಡ್ಬೇಕಿತ್ತು. ಪೆನ್ ತೊಗೊಂಡು ಪೂರಾ ಒಂದು ತಾಸು ಹೇಳ್ದ, ಖರೇ ಹೇಳ್ತೀನಿ, ಭಾಳ ಛಲೋ ಹೇಳ್ದ. ಮೊದಲು ಫ್ರೀರೋಲ್, ಅಂದ್ರ ಎಂಟ್ರಿ ಫೀ ಇಲ್ಲದ ಟೂರ್ನಮೆಂಟ್. ಅದರಾಗ ಬಂದ ಚಿಲ್ಲರೆಯಿಂದ 55 ರೂಪಾಯಿ ಫೀದು, 50 ಬಹುಮಾನದ ಗಂಟಿಗಿ, 5 ಕಂಪನಿಗಿ, ಆ ಐದಕ್ಕ ರೇಕ್ ಅಂತಾರ. ಕೈಯಾಗ ಕಮ್ಮಿ ಅಂದ್ರ ನೂರು ಎಂಟ್ರಿಯಷ್ಟು ರೊಕ್ಕ, ಅಂದ್ರ 5,500 ಇರ್ಬೇಕು, ಅದಕ್ಕೇ ಬ್ಯಾಂಕ್‌ರೋಲ್ ಅನ್ನೋದು, ಅದು ಡಬಲ್ ಆದ್ಮ್ಯಾಲ ಮುಂದಿನ ಮೆಟ್ಟಲು, ಕಮ್ಮಿ ಆದ್ರ ಕೆಳಗ ಇಳಿಬೇಕು. ಶುರುವಿಗಿ ಬಿಗಿಯಾಗಿ ಆಡ್ಬೇಕು, ಬ್ಲೈಂಡ್, ಅಂದ್ರ ಎಲಿ ನೋಡೋ ಮೊದಲೇ ಸರದಿ ಪ್ರಕಾರ ಕಟ್ಟೋ ಪಣ, ಏರಿ ಕೈಯಾಗಿನ ಚಿಪ್ಸ್ ಹತ್ತು ಬಿಗ್ ಬ್ಲೈಂಡ್‌ಗಿಂತ (ಆ ಪಣದಾಗ ದೊಡ್ಡದು) ಕೆಳಗ ಬಂದ್ರ ಆಲ್ ಇನ್, ಅಂದ್ರ ಇದ್ದಿದ್ದೆಲ್ಲಾ ಹಾಕೋದು, ಇಲ್ಲಾ ಫೋಲ್ಡ್, ಅಂದ್ರ ಎಲಿ ಬಿಡೋದು, ನಡುವಿನದು ಇಲ್ಲ. ಬಹುಮಾನಕ್ಕ ಇನ್ನ ಒಂದೆರಡು ಮಂದಿ ಹೊರಗ ಹೋಗೋದು ಇದ್ದಾಗ, ಅದಕ್ಕ ಬಬಲ್ ಅಂತಾರ, ದೊಡ್ಡ ಸ್ಟ್ಯಾಕ್, ಅಂದ್ರ ಚಿಪ್ಸ್ ಗಂಟು, ಇದ್ದಾಂವ ನಡುವಿನ ಸ್ಟ್ಯಾಕ್‌ನವರನ್ನ ಹೆದರಿಸ್ಬೇಕು.

ಅವನ ಗುರು ಅಮೆರಿಕದ ಪೋಕರ್ ಆಟಗಾರ ಕ್ರಿಸ್ ಫರ್ಗುಸನ್. 2006ರಾಗ ಸೊನ್ನೆಯಿಂದ ಶುರು ಮಾಡಿ 10,000 ಡಾಲರ್ ಮಾಡ್ದಾಂವ, ದೊಡ್ಡ ಟೂರ್ನಮೆಂಟ್‌ಗೆ ಗಂಟಿನ 2 ಪರ್ಸೆಂಟ್ ದಾಟ್ಲಾರ್ದಂಗ ಆಡ್ಬೇಕು ಅನ್ನೋ ನಿಯಮದಾಂವ. ನಾ ಕೇಳ್ದೆ, ಆ ಮನಷ್ಯ ಆವಾಗ ಏನ್ ಮಾಡ್ಕೊಂಡಿದ್ದ ಅಂತ. "2000ದಾಗೇ ಪೋಕರ್ ವರ್ಲ್ಡ್ ಸೀರೀಸ್ ಗೆದ್ದಿದ್ದ ಮೇಡಂ" ಅಂದ. ಹಂಗಂದ್ರ ಅವನ ಮನ್ಯಾಗಿನ ರೊಟ್ಟಿ ಆ ಸೊನ್ನೆ ಮ್ಯಾಲ ನಿಂತಿದ್ದಿಲ್ಲ ಅಂದೆ. ಸುಮ್ಮನಾದ.

ಆಮ್ಯಾಲ ಇಬ್ರೂ ಕೂಡಿ ಲೆಕ್ಕ ಹಾಕಿದ್ವಿ. ನೀ ಪಕ್ಕಾ ಆಟಗಾರ, ಹಾಕಿದ್ದರ ಮ್ಯಾಲ 20 ಪರ್ಸೆಂಟ್ ಲಾಭ ತೆಗಿತಿ ಅಂತ ಹಿಡಿಯೋಣು. 55ಕ್ಕ 11 ರೂಪಾಯಿ ಆತು. ರಾತ್ರಿ ನಾಲ್ಕು ತಾಸಿನಾಗ ಆರು ಟೂರ್ನಮೆಂಟ್ ಆಡಿದ್ರ 66 ರೂಪಾಯಿ. ಅದೇ ಫೀದಾಗ ಒಂದು ಲಕ್ಷ ಆಗ್ಬೇಕಂದ್ರ ಒಂಬತ್ತು ಸಾವಿರ ಟೂರ್ನಮೆಂಟ್ ದಾಟ್ತದ, ದಿನಾ ಆರು ಆಡಿದ್ರೂ ನಾಲ್ಕು ವರ್ಷದ ಮ್ಯಾಲ. ಗೆದ್ದಿದ್ರಾಗ 30 ಪರ್ಸೆಂಟ್ ಟಿಡಿಎಸ್ ಬ್ಯಾರೆ. ಇನ್ನ ಬಹುಮಾನ ಸಿಗೋದು ನೂರಕ್ಕ ಹದಿನೈದು ಸಲ ಅಂತ ಹಿಡಿದ್ರ ಸಾಲಾಗಿ ಇಪ್ಪತ್ತು ಸಲ ಖಾಲಿ ಕೈ ಬರೋದು ಸುದ್ದಿನೇ ಅಲ್ಲ, ನೂರಾರು ಆಡಾಂವಗ ಬಂದೇ ಬರ್ತದ. ಇದು ಅವಂಗೂ ಗೊತ್ತಿತ್ತು, ವೇರಿಯನ್ಸ್, ಅಂದ್ರ ಅದೃಷ್ಟದ ಏರಿಳಿತ, ಅಂತ ಅವನೇ ಹೇಳ್ದ. ಗೊತ್ತಿದ್ದೂ ಯಾಕ ಆಡಿದ್ರಿ ಅಂದ್ರ "ದೊಡ್ಡ ಫೀದು ಆಡಿದ್ರ ಲಗೂನ ಆಗ್ತದ ಅಂತ."

ಮೂರನೇ ಸಲಕ್ಕ ಬ್ಯಾಂಕ್ ಸ್ಟೇಟ್‌ಮೆಂಟ್, ಗೇಮಿನ ಹಿಸ್ಟರಿ ಎರಡೂ ತರ್ಸ್ದೆ. 14 ತಿಂಗಳಿಂದು. ಒಳಗ ಹೋಗಿದ್ದು 3,12,400, ಹೊರಗ ಬಂದಿದ್ದು 88,150. ಕಳಕೊಂಡಿದ್ದು 2,24,250. ಅದರಾಗ 1,40,000 ತೊಗರಿ ಮಾರಿದ ರೊಕ್ಕ, ತಂಗಿ ಮದುವಿಗಂತ ಅಪ್ಪ ಇವನ ಖಾತೆದಾಗ ಇಟ್ಟಿದ್ದು, 45,000 ಲೋನ್ ಆ್ಯಪ್‌ಂದು, ಉಳಿದಿದ್ದು ಪಗಾರ. ಒಂದೊಂದು ಸಾಲಿನ ಮುಂದ ಇದು ಯಾರ ರೊಕ್ಕ ಅಂತ ಬರೀರಿ ಅಂದೆ. ತಂಗಿ, ತಂಗಿ, ಅಪ್ಪ, ಆ್ಯಪ್, ರೂಮ್ ಬಾಡಿಗಿ ಅಂತ ಬರ್ಕೋತ ಹೋದ, ಬ್ಯಾಂಕ್‌ರೋಲ್ ಅಂತ ಬರ್ಯೋ ಸಾಲು ಒಂದೂ ಸಿಗ್ಲಿಲ್ಲ.

ಹಿಸ್ಟರಿದಾಗ ಇನ್ನೊಂದು ಕಂಡ್ತು. 550 ರೂಪಾಯಿ ಮ್ಯಾಲಿನ ಟೂರ್ನಮೆಂಟ್ 37 ಆಡಿದ್ದ, ಅದರಾಗ 33 ರಾತ್ರಿ ಹನ್ನೆರಡರ ಮ್ಯಾಲ, ಹೆಚ್ಚಿನವು ಬಬಲ್‌ನಾಗ ಹೊರಗ ಬಿದ್ದ ಹತ್ತು ನಿಮಿಷದಾಗ. ಒಂದಿನ ಖಾತೆದಾಗ 2,200 ಇತ್ತು, 550 ಹಾಕ್ಯಾನ. ನೂರು ಎಂಟ್ರಿ ಇರ್ಬೇಕು ಅಂದಾಂವ ನಾಲ್ಕು ಎಂಟ್ರಿ ಇಟ್ಕೊಂಡು ಕುಂತಾನ! "ಮೇಡಂ, ಹಗಲು ನಿಯಮ ಮಾಡಾಂವ ಒಬ್ಬ, ರಾತ್ರಿ ಆಡಾಂವ ಇನ್ನೊಬ್ಬ" ಅಂದು ನಕ್ಕ, ಅವ ನನ್ನ ಮುಂದ ನಕ್ಕಿದ್ದು ಅದೇ ಮೊದಲು.

ಕಾನೂನಿಂದೂ ಹೇಳ್ಬೇಕು. 2025ರ ಆಗಸ್ಟ್‌ನಾಗ ಸಂಸತ್ತು ಆನ್‌ಲೈನ್ ರೊಕ್ಕದ ಆಟ ಬಂದ್ ಮಾಡೋ ಕಾಯ್ದೆ ಪಾಸ್ ಮಾಡ್ತು, 22ಕ್ಕ ರಾಷ್ಟ್ರಪತಿ ಅಂಕಿತ ಬಿತ್ತು, ಬುದ್ಧಿ ಆಟ ಇರ್ಲಿ ಅದೃಷ್ಟದ ಆಟ ಇರ್ಲಿ ಎರಡಕ್ಕೂ ಒಂದೇ. ಇಲ್ಲಿನ ಆ್ಯಪ್‌ಗಳು ರೊಕ್ಕದ ಟೇಬಲ್ ಮುಚ್ಚಿದ್ವು, ಇವ ಹೊರದೇಶದ ಸೈಟ್ ಹಿಡ್ದ, ಯಾರದೋ ಯುಪಿಐಗೆ ರೊಕ್ಕ ಕಳಿಸೋದು. ಕಡೀಕ ಗೆದ್ದ 8,000 ತೆಗೀಬೇಕಂದ್ರ "ವೆರಿಫಿಕೇಶನ್‌ಗೆ 3,000 ಹಾಕ್ರಿ" ಅಂದ್ರಂತ. ಪೊಲೀಸ್ ಹಿಡೀತಾರ ಅಂತ ಹೆದರಿ ಯಾರಿಗೂ ಹೇಳಿದ್ದಿಲ್ಲ. ಆ ಕಾಯ್ದೆದಾಗ ಶಿಕ್ಷೆ ಇರೋದು ಆಡಿಸೋರಿಗಿ, ಆಡಾಂವಗ ಅಲ್ಲ ಅಂತ ತಿಳಿಸಿ ಹೇಳಿ, 3,000 ಹಾಕಬ್ಯಾಡ್ರಿ, ಆ 8,000 ಮರೀರಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಮಾಡಿ ದೂರು ಕೊಡ್ರಿ ಅಂದೆ.

ಸಾಯೋ ವಿಚಾರ ಬಂದದೇನು ಅಂತ ನೇರ ಕೇಳ್ದೆ, ಇಂಥ ಕೇಸ್‌ನಾಗ ಸುತ್ತಿ ಬಳಸಿ ಕೇಳಂಗಿಲ್ಲ. ಎರಡು ಸಲ ಬಂದಿತ್ತು, ಲೋನ್ ಆ್ಯಪ್‌ನವರು ಅಕ್ಕನ ನಂಬರಿಗಿ ಫೋನ್ ಮಾಡಿದ ದಿನ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅವನ ಫೋನ್‌ನಾಗ ನನ್ನೆದುರಿಗೇ ಸೇವ್ ಮಾಡ್ಸ್ದೆ, ಅಕ್ಕಗ ಅದೇ ದಿನ ತಿಳಿಸೋಣು ಅಂತ ಅವನ್ನೇ ಒಪ್ಪಿಸ್ದೆ, ನಿದ್ದಿಗೂ ಮನಸ್ಸಿಗೂ ಸೈಕಿಯಾಟ್ರಿಸ್ಟ್ ಹತ್ರ ಕಳ್ಸ್ದೆ.

ಉಳಿದ ಸಲಹೆ ಎಲ್ಲಾ ಆ ರಾತ್ರಿ ಆಡಾಂವಗ ಸಂಬಂಧಪಟ್ಟಿದ್ದೇ. ಪಗಾರ ಬಂದ ದಿನ ಬಾಡಿಗಿ ಊಟ ತೆಗೆದು ಉಳಿದಿದ್ದು ಅಕ್ಕನ ಖಾತೆಗಿ. ಯುಪಿಐ ಮಿತಿ ದಿನಕ್ಕ 500. ರಾತ್ರಿ ಹತ್ತಕ್ಕ ಫೋನ್ ರೂಮ್‌ಮೇಟ್ ಕೈಗೆ, ಅಲಾರಂಗ ಬ್ಯಾರೆ ಗಡಿಯಾರ. ಆಡ್ಬೇಕು ಅನ್ನಿಸಿದ್ರ ಅರ್ಧ ತಾಸು ತಡೀರಿ, ಎದ್ದು ಇಲ್ಲೇ ಕಲಬುರಗಿ ಅಪ್ಪನ ಕೆರಿ ಕಡೆ ಒಂದು ಸುತ್ತು ಹಾಕ್ರಿ, ಆ ಉಕ್ಕು ಇಳೀತದ. ಲೋನ್ ತೀರ್ಸ್ಲಾಕ ಹೊಸ ಲೋನ್ ಬ್ಯಾಡ. ಹೋದ ರೊಕ್ಕ ಆಡಿ ತರ್ತೀನಿ ಅನ್ನೋದು ಬಿಡ್ರಿ, ಅಪ್ಪಗ ಹದಿನೈದು ದಿನದಾಗ ಹೇಳ್ರಿ, ನೆಪ ಬ್ಯಾಡ, ಅಂಕಿ ಹೇಳ್ರಿ. ಪೋಕರ್ ಬಗ್ಗೆ ಓದೋದೂ ಬಿಡ್ಬೇಕೇನ್ರಿ ಅಂದ. ಸಧ್ಯಕ್ಕ ಹೌದು ಅಂದೆ, ಅದು ಅವಂಗ ಎಲ್ಲಕ್ಕಿಂತ ಬಿರುಸು ಅನ್ನಿಸ್ತು.

ನಡುವ ಒಂದ್ಸಲ ಜಾರ್ದ, 500. ಅದೇ ರಾತ್ರಿ ಅಕ್ಕಗ ಮೆಸೇಜ್ ಹಾಕ್ಯಾನ.

ಅಪ್ಪಗ ಹೇಳ್ಲಾಕ ಅಕ್ಕನ್ನ ಕರ್ಕೊಂಡೇ ಹೋಗಿದ್ದ. ಅಪ್ಪ ಬೈಲಿಲ್ಲಂತ. "ಎಷ್ಟು?" ಅಂತ ಕೇಳ್ದ, ಇವ ರೂಪಾಯಿ ಬಿಡ್ದಂಗ ಹೇಳ್ದ, ಅಪ್ಪ ಎದ್ದು ಹೊಲದ ಕಡೆ ಹೋಗಿ ಕತ್ತಲಾದ್ಮ್ಯಾಲ ಬಂದ. ಬಂದು ಅಂದಿದ್ದು ಇಷ್ಟೇ: "ಈ ಸಲ ರಾಶಿಗಿ ರಜಾ ಹಾಕಿ ಬಾ. ಚೀಲ ನೀನೇ ಅಡತಿಗಿ ಒಯ್ಯಿ. ಚೀಟಿ ತಂದು ನನ್ನ ಕೈಯಾಗ ಕೊಡು."