ಅಂಗೈ ಕೆಳಮುಖವಾದಾಗ ಬಲ ಕುಗ್ಗುವುದೇಕೆ?

ಅಂಗೈ ಮೇಲ್ಮುಖವಾಗಿ ಸಲೀಸಾಗಿ ಎತ್ತುವ ಡಂಬೆಲ್ ಅನ್ನು ಅಂಗೈ ಕೆಳಮುಖ ಮಾಡಿದರೆ ಎತ್ತಲಾಗುತ್ತಿಲ್ಲ, ತೋಳಿನ ಮುಂಭಾಗದ ಬೈಸೆಪ್ಸ್ ಸ್ನಾಯು ದುರ್ಬಲವೇ ಅಂತ ಕೇಳಿದ್ದೀರಿ. ದುರ್ಬಲ ಅಲ್ಲ, ಜೋಡಣೆಯೇ ಹಾಗಿದೆ.

ಬೈಸೆಪ್ಸ್‌ನ ರಜ್ಜು ಅಂಟಿರುವುದು ಮುಂದೋಳಿನ ರೇಡಿಯಸ್ ಮೂಳೆಗೆ. ಅಂಗೈ ಕೆಳಗೆ ತಿರುಗಿದರೆ ಆ ಮೂಳೆ ಹೊರಳಿ, ರಜ್ಜು ಅದಕ್ಕೆ ಸುತ್ತಿಕೊಂಡು, ಎಳೆತದ ಸನ್ನೆ (ಲಿವರ್) ಚಿಕ್ಕದಾಗುತ್ತದೆ. ಆಗ ಹೊರೆ ಹೆಚ್ಚಾಗಿ ಬೀಳುವುದು ಬೈಸೆಪ್ಸ್ ಅಡಿ ಅಡಗಿರುವ ಬ್ರೇಕಿಯಾಲಿಸ್ ಸ್ನಾಯುವಿನ ಮೇಲೆ. ಇದು ತೋಳಿನ ಮೂಳೆಯ ಕೆಳ ಅರ್ಧದ ಮುಂಭಾಗದಿಂದ ಹೊರಟು ಮುಂದೋಳಿನ ಇನ್ನೊಂದು ಮೂಳೆಯಾದ ಅಲ್ನಾಗೆ ಸೇರುತ್ತದೆ. ಅಲ್ನಾ ಹೊರಳುವುದಿಲ್ಲವಲ್ಲ, ಹಾಗಾಗಿ ಅಂಗೈ ಎತ್ತ ತಿರುಗಿದರೂ ಇದರ ಎಳೆತ ಹೆಚ್ಚುಕಡಿಮೆ ಅಷ್ಟೇ. ಮೊಣಕೈ ಮಡಿಸುವ ನಿಜವಾದ ದುಡಿಮೆಗಾರ ಇದೇ. ಹೆಸರು ಮಾತ್ರ ಬೈಸೆಪ್ಸ್‌ಗೆ!

ಮುಟ್ಟಿ ನೋಡಬೇಕೇ? ಮೊಣಕೈ 90 ಡಿಗ್ರಿ ಮಡಿಸಿ, ಅಂಗೈ ಕೆಳಮುಖ ಮಾಡಿ, ಮುಂಗೈಯಿಂದ ಮೇಜಿನ ತಳವನ್ನು ಮೆಲ್ಲಗೆ ಮೇಲಕ್ಕೊತ್ತಿ. ಮೊಣಕೈ ಮಡಿಕೆಗಿಂತ ಮೂರ್ನಾಲ್ಕು ಬೆರಳು ಮೇಲೆ, ಬೈಸೆಪ್ಸ್‌ನ ಹೊರ ಅಂಚಿನ ಪಕ್ಕ ಗಟ್ಟಿಯಾಗುವುದೇ ಬ್ರೇಕಿಯಾಲಿಸ್.

ಅಂಗೈ ಕೆಳಮುಖವಾಗಿ ಎತ್ತುವಾಗ ಡಂಬೆಲ್ ತೂಕವನ್ನು ಮೂರನೇ ಒಂದು ಭಾಗ ಇಳಿಸಿ ಶುರುಮಾಡಿ. ಮಣಿಕಟ್ಟು ಕೆಳಕ್ಕೆ ಬಾಗಿದರೆ ಮೊದಲು ಸೋತದ್ದು ತೋಳಲ್ಲ, ಮುಂದೋಳಿನ ಹಿಂಬದಿಯ ಸ್ನಾಯುಗಳು. ಅಂಥಾಗ ಹೆಬ್ಬೆರಳು ಮೇಲಿರುವ ಹಿಡಿತಕ್ಕೆ ಬದಲಿಸಿ.