ಬೆಕ್ಕು, ನಾಯಿ ಮಾಡಿನಿಂದ ಜಾರಿ ಬಿದ್ದ ಕಥೆ ನಿಜವೇ?

ನೀವು ಕೇಳಿದ್ದು ಇಷ್ಟು: ಹಳೆಯ ಇಂಗ್ಲೆಂಡಿನಲ್ಲಿ ಬೆಕ್ಕು, ನಾಯಿಗಳು ಹುಲ್ಲಿನ ಮಾಡಿನ ಮೇಲೆ ಮಲಗುತ್ತಿದ್ದವಂತೆ. ಜೋರು ಮಳೆ ಬಂದಾಗ ಜಾರಿ ಕೆಳಗೆ ಬೀಳುತ್ತಿದ್ದವಂತೆ. ಅದಕ್ಕೇ ಧೋ ಎಂದು ಸುರಿಯುವ ಮಳೆಗೆ ಇಂಗ್ಲಿಷಿನಲ್ಲಿ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎಂಬ ಮಾತು ಬಂತಂತೆ. ವಾಟ್ಸಾಪ್‌ನಲ್ಲಿ ಬರುವ ಇಂಥ ಕಥೆಗಳನ್ನು ನಂಬಬಹುದಾ?

ಇದನ್ನಂತೂ ನಂಬಬೇಡಿ. 1999ರಲ್ಲೇ ಈ ಕಥೆ ಇಮೇಲ್‌ನಲ್ಲಿ ಸುತ್ತುತ್ತಿತ್ತು. ನಾನು ಇಂಗ್ಲಿಷ್ ಮೇಷ್ಟ್ರು. ಒಮ್ಮೆ ಇದನ್ನು ತರಗತಿಯಲ್ಲಿ ಹುರುಪಿನಿಂದ ಹೇಳಿದೆ. ಹಿಂದಿನ ಬೆಂಚಿನ ಹುಡುಗ, "ಸಾರ್, ನಾಯಿ ಮಾಡು ಹತ್ತಿದ್ದು ಹೆಂಗೆ?" ಎಂದ. ನನ್ನ ಬಾಯಿ ಕಟ್ಟಿತು. ನಮ್ಮೂರಲ್ಲೂ ಸೋಗೆ ಮಾಡಿನ ಮನೆಗಳಿದ್ದವು. ಮಳೆ ಶುರುವಾದರೆ ಬೆಕ್ಕು ಸೀದಾ ಒಲೆ ಪಕ್ಕಕ್ಕೆ ಬರುತ್ತಿತ್ತು!

1653ರಲ್ಲಿ ಅಚ್ಚಾದ ರಿಚರ್ಡ್ ಬ್ರೋಮ್‌ನ ನಾಟಕವೊಂದರಲ್ಲಿ ಮಳೆಯಾಗಿ ಬೀಳುವುದು ನಾಯಿ ಮತ್ತು ಪೋಲ್‌ಕ್ಯಾಟ್. ಪೋಲ್‌ಕ್ಯಾಟ್ ಅಂದರೆ ಮುಂಗುಸಿಯಂತೆ ಕಾಣುವ ಒಂದು ಕಾಡುಪ್ರಾಣಿ. ಜೊನಾಥನ್ ಸ್ವಿಫ್ಟ್‌ನ 1738ರ ಪುಸ್ತಕಕ್ಕೆ ಬಂದರೆ ಈಗ ನಾವು ಹೇಳುವ ಬೆಕ್ಕು, ನಾಯಿಯೇ ಸಿಗುತ್ತವೆ. ವೇಲ್ಸ್ ಭಾಷೆಯಲ್ಲಿ ಮುದುಕಿಯರೂ ಕೋಲುಗಳೂ ಸುರಿಯುತ್ತವೆ. ನಮಗೆ ಮುಸಲಧಾರೆ ಮಳೆ. ಮುಸಲ ಅಂದರೆ ಒನಕೆ. ಯಾರ ಮನೆ ಅಟ್ಟದಿಂದ ಒನಕೆ ಜಾರಿತು ಅಂತ ನಾವು ಹುಡುಕುತ್ತೇವಾ? ಇಲ್ಲ ಅಲ್ವಾ?

'ಸೇವ್ಡ್ ಬೈ ದ ಬೆಲ್', ಅಂದರೆ ಕೊನೇ ಗಳಿಗೆಯಲ್ಲಿ ಪಾರಾಗುವುದು, ಎಂಬ ಮಾತಿನ ಕಥೆಯೂ ಅದೇ ಮೆಸೇಜಿನಲ್ಲಿದೆ. ಜೀವ ಇದ್ದವರನ್ನೇ ಹೂತುಬಿಟ್ಟರೆ ಎಂಬ ಭಯಕ್ಕೆ ಶವಪೆಟ್ಟಿಗೆಗೆ ಗಂಟೆ ಕಟ್ಟುತ್ತಿದ್ದರು ಅನ್ನುತ್ತಾರೆ. ಅಂಥ ಪೆಟ್ಟಿಗೆಗೆ 1868ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದು ನಿಜ. ಆದರೆ ಮಾತು ಬಂದದ್ದು ಬಾಕ್ಸಿಂಗ್‌ನಿಂದ. ಏಟು ತಿಂದು ತೂರಾಡುವವನನ್ನು ರೌಂಡ್ ಮುಗಿಸುವ ಗಂಟೆ ಉಳಿಸುತ್ತಿತ್ತು.

ಆ ಹುಡುಗನಿಂದ ನಾನು ಕಲಿತದ್ದು ಒಂದೇ. ಕಥೆ ಎಷ್ಟು ಚೆನ್ನಾಗಿದೆ ಅಂತ ನೋಡುವುದಿಲ್ಲ, ಆ ಕಾಲದ ಕಾಗದದಲ್ಲಿ ಆ ಮಾತು ಇದೆಯಾ ಅಂತ ನೋಡುತ್ತೇನೆ. ಹಾಗೆ ಹುಡುಕಿದಾಗ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ನಾವು ಆಫೀಸಿನಲ್ಲಿ ದಿನಾ ಅನ್ನುವ 'ಡೆಡ್‌ಲೈನ್'.

ಅದು ನಿಜವಾಗಿಯೂ ಸಾವಿನ ಗೆರೆ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ಸೆರೆಸಿಕ್ಕ ಉತ್ತರದ ಸೈನಿಕರನ್ನು ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಕೂಡಿಹಾಕಿದ್ದರು. ಸುತ್ತ ಮರದ ದಿಮ್ಮಿಗಳ ಎತ್ತರದ ಗೋಡೆ. ಅದರಿಂದ ಸುಮಾರು 19 ಅಡಿ ಒಳಗೆ ಗೂಟ ನೆಟ್ಟು ಅಡ್ಡಪಟ್ಟಿ ಹೊಡೆದ ಒಂದು ಸಾಧಾರಣ ಬೇಲಿ. ಅದನ್ನು ದಾಟಿದ ಕೈದಿಗೆ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಆ ಬೇಲಿಗೆ ಇಟ್ಟ ಹೆಸರೇ ಡೆಡ್ ಲೈನ್. 1864ರಲ್ಲಿ ಶುರುವಾಗಿ 14 ತಿಂಗಳು ನಡೆದ ಆ ಶಿಬಿರದಲ್ಲಿ ಸುಮಾರು 45,000 ಜನರನ್ನು ಇಟ್ಟಿದ್ದರು, 13,000ದಷ್ಟು ಜನ ಸತ್ತರು. ಗುಂಡಿಗಿಂತ ಹಸಿವು, ರೋಗಕ್ಕೆ ಬಲಿಯಾದವರೇ ಜಾಸ್ತಿ. ಶಿಬಿರದ ಮುಖ್ಯಸ್ಥ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಅವನ ಮೇಲಿನ ಆರೋಪಪಟ್ಟಿಯಲ್ಲೇ ಈ ಪದ ಇದೆ. ಆಮೇಲೆ ಅಚ್ಚಿನ ಯಂತ್ರದಲ್ಲಿ ಅಕ್ಷರ ಮೂಡದ ಜಾಗದ ಗೆರೆಗೂ ಇದೇ ಹೆಸರು ಬಂತು. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಪತ್ರಿಕೆಯವರು ಸುದ್ದಿ ಕೊಡಬೇಕಾದ ಕೊನೆಯ ಹೊತ್ತಿಗೆ ಅದನ್ನು ಬಳಸತೊಡಗಿದರು. ಅದಾದ ಮೇಲೆ ನಾನು 'ಗಡುವು' ಅಂತಲೇ ಬರೆಯುತ್ತೇನೆ.

ಕಾಗದ ಇರುವ ಇನ್ನೊಂದು ಮಾತು 'ರೀಡ್ ದ ರಯಟ್ ಆ್ಯಕ್ಟ್'. ಈಗ ಅದಕ್ಕೆ ಚೆನ್ನಾಗಿ ಬೈದು ಎಚ್ಚರಿಸುವುದು ಅಂತ ಅರ್ಥ. 1715ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಈ ಕಾಯ್ದೆಯನ್ನು ಅಕ್ಷರಶಃ ಓದುತ್ತಿದ್ದರು. 12 ಅಥವಾ ಹೆಚ್ಚು ಜನ ಸೇರಿ ಗಲಾಟೆ ಮಾಡಿದರೆ ಅಧಿಕಾರಿ ಬಂದು ಒಂದು ಘೋಷಣೆ ಓದಬೇಕು. ಒಂದು ಗಂಟೆಯೊಳಗೆ ಚದುರದವರಿಗೆ ಮರಣದಂಡನೆಯೂ ಆಗಬಹುದಿತ್ತು. ಆದರೆ ಓದುವಾಗ ಒಂದು ಪದವೂ ಬಿಡುವಂತಿರಲಿಲ್ಲ. 1830ರ ಒಂದು ಮೊಕದ್ದಮೆಯಲ್ಲಿ ಓದಿದವನು ಕೊನೆಯ 'ದೇವರು ದೊರೆಯನ್ನು ಕಾಪಾಡಲಿ' ಎಂಬ ಸಾಲನ್ನು ಬಿಟ್ಟಿದ್ದ. ಕೋರ್ಟು, ಇದು ಓದಿದ ಲೆಕ್ಕಕ್ಕೇ ಬರುವುದಿಲ್ಲ ಎಂದಿತು.