ಹೈಪ್ ಇರೋ ಹೊಸ ಗ್ಯಾಜೆಟ್‌ಗಳನ್ನ ನಾನ್ಯಾಕೆ ತಗೊಳ್ಳಲ್ಲ

"ಎಐ ಕನ್ನಡಕ, ಸ್ಮಾರ್ಟ್ ಉಂಗುರ ಅಂತ ಎಲ್ಲರೂ ಮುಗಿಬಿದ್ದು ತಗೋತಿದ್ದಾರೆ, ಆದ್ರೆ ಟೆಕ್ನಾಲಜಿ ಚೆನ್ನಾಗಿ ಗೊತ್ತಿರೋರೇ ಕೆಲವರು ಬೇಡ ಅಂತಾರಲ್ಲ, ಯಾಕೆ? ದುಡ್ಡಿನ ವಿಷ್ಯಾನಾ, ಇಲ್ಲ ಭಯಾನಾ?" ಅಂತ ಕೇಳಿದೀರ. ನಾನೂ ಬೇಡ ಅನ್ನೋರ ಪೈಕಿ, ಹಾಗಾಗಿ ನನ್ನ ಕಾರಣ ಹೇಳ್ತೀನಿ. ದುಡ್ಡು ಒಂದು ಕಾರಣ ಹೌದು, ಆದ್ರೆ ದೊಡ್ಡ ಕಾರಣ ಏನಲ್ಲ. ಭಯ ಅಂತೂ ಇಲ್ವೇ ಇಲ್ಲ, ಹೊಸದೇನಾದ್ರೂ ಬಂದ್ರೆ ಅದು ಒಳಗೆ ಹೇಗೆ ಕೆಲಸ ಮಾಡತ್ತೆ ಅಂತ ಹುಡುಕಿ ಓದೋದು ನಂಗೆ ಮೊದಲಿಂದ್ಲೂ ಇಷ್ಟ. ವಿಷಯ ಏನಂದ್ರೆ ಲಾಂಚ್ ದಿನ ಸ್ಟೇಜ್ ಮೇಲೆ ತೋರಿಸೋ ವಸ್ತು ಬೇರೆ, ಎರಡು ವರ್ಷ ಕಳೆದ್ಮೇಲೆ ನಮ್ಮ ಕೈಲಿರೋ ವಸ್ತು ಬೇರೆ. ನಂಗೆ ಬೇಕಾಗಿರೋದು ಆ ಎರಡನೇದು, ಅದು ಹೇಗಿರತ್ತೆ ಅಂತ ಲಾಂಚ್ ದಿನ ಯಾರಿಗೂ ಗೊತ್ತಿರಲ್ಲ, ಮಾಡಿದ ಕಂಪನಿಗೂ ಗೊತ್ತಿರಲ್ಲ.

ಹ್ಯೂಮೇನ್ ಎಐ ಪಿನ್ ನೆನಪಿರಬೇಕು ನಿಮಗೆ. ಅಂಗಿಗೆ ಸಿಕ್ಕಿಸ್ಕೊಳ್ಳೋ ಚಿಕ್ಕ ಡಬ್ಬಿ, ಸ್ಕ್ರೀನ್ ಇಲ್ಲ, ಮಾತಾಡಿದ್ರೆ ಉತ್ತರ ಕೊಡತ್ತೆ, ಬೇಕಂದ್ರೆ ಅಂಗೈ ಮೇಲೆ ಲೇಸರ್ ಬೆಳಕಲ್ಲಿ ಅಕ್ಷರ ಮೂಡಿಸತ್ತೆ. ಆ್ಯಪಲ್‌ನಲ್ಲಿ ಕೆಲಸ ಮಾಡಿ ಬಂದೋರು ಕಟ್ಟಿದ ಕಂಪನಿ, ಇನ್ನು ಮೇಲೆ ಫೋನೇ ಬೇಡ ಅನ್ನೋ ಮಟ್ಟಕ್ಕೆ ಪ್ರಚಾರ. 2023ರ ನವೆಂಬರ್‌ನಲ್ಲಿ ಅನೌನ್ಸ್ ಆಯ್ತು, 2024ರ ಏಪ್ರಿಲ್‌ನಲ್ಲಿ ಜನರ ಕೈಗೆ ಬಂತು, ಬೆಲೆ 699 ಡಾಲರ್, ಅದರ ಮೇಲೆ ತಿಂಗಳು ತಿಂಗಳೂ 24 ಡಾಲರ್ ಚಂದಾ. ಉತ್ತರ ಬರೋದು ನಿಧಾನ, ಬಿಸಿ ಆಗತ್ತೆ, ಬಿಸಿಲಲ್ಲಿ ಲೇಸರ್ ಅಕ್ಷರ ಕಾಣಲ್ಲ ಅಂತ ರಿವ್ಯೂ ಮಾಡಿದೋರು ಆಗಲೇ ಹೇಳಿದ್ರು. ಅದು ಹೋಗ್ಲಿ, ಮೊದಲ ಮಾಡೆಲ್‌ನಲ್ಲಿ ಅಂಥವು ಇರೋದೇ ಅಂತ ಒಪ್ಕೊಳ್ಳೋಣ. ಆದ್ರೆ 2025ರ ಫೆಬ್ರವರಿಯಲ್ಲಿ ಎಚ್‌ಪಿ ಆ ಕಂಪನಿಯ ಪೇಟೆಂಟು, ಸಾಫ್ಟ್‌ವೇರ್, ಕೆಲಸಗಾರರನ್ನ ತಗೊಳ್ಳೋಕೆ ಒಪ್ಪಂದ ಮಾಡ್ಕೊಂಡಿತು, ಪಿನ್ ಮಾತ್ರ ಯಾರಿಗೂ ಬೇಡ ಆಯ್ತು. ಪಿನ್‌ಗೆ ಉತ್ತರ ಒದಗಿಸ್ತಿದ್ದ ಕಂಪನಿಯ ಕಂಪ್ಯೂಟರ್‌ಗಳು, ಅಂದ್ರೆ ಸರ್ವರ್, ಫೆಬ್ರವರಿ 28ಕ್ಕೆ ಆಫ್. ಕಾಲ್ ಹೋಗಲ್ಲ, ಮೆಸೇಜ್ ಹೋಗಲ್ಲ, ಪ್ರಶ್ನೆ ಕೇಳಿದ್ರೆ ಉತ್ತರ ಇಲ್ಲ. ಆಮೇಲೂ ಏನು ನಡೆಯತ್ತೆ ಅಂತ ಕಂಪನಿ ಕೊಟ್ಟ ಉದಾಹರಣೆ ಬ್ಯಾಟರಿ ಎಷ್ಟಿದೆ ಅಂತ ನೋಡ್ಕೊಳ್ಳೋದು. ರೀಫಂಡ್ ಸಿಕ್ಕಿದ್ದು ಕೊನೆಯ 90 ದಿನದೊಳಗೆ ಪಿನ್ ರವಾನೆ ಆದೋರಿಗೆ ಮಾತ್ರ, ಅಂದ್ರೆ ಮೊದಲ ದಿನವೇ ನಂಬಿ ತಗೊಂಡೋರಿಗೆ ಏನೂ ಸಿಗಲಿಲ್ಲ. ನಂಗೆ ಇವತ್ತಿಗೂ ಹೊಟ್ಟೆ ಉರಿಯೋದು ಇದಕ್ಕೇನೇ.

ಇದೊಂದೇ ಆಗಿದ್ರೆ ಸುಮ್ನಿರ್ತಿದ್ದೆ. ರಿವಾಲ್ವ್ ಅಂತ ಮನೆಯ ಲೈಟು ಬೀಗ ಎಲ್ಲಾ ಒಂದೇ ಕಡೆಯಿಂದ ನಡೆಸೋ ಹಬ್ ಇತ್ತು, 2014ರಲ್ಲಿ ನೆಸ್ಟ್ ಕಂಪನಿ ಅದನ್ನ ಕೊಂಡ್ಕೊಂಡಿತು, 2016ರ ಮೇನಲ್ಲಿ ಸರ್ವಿಸ್ ನಿಲ್ಲಿಸಿತು, ಗೋಡೆ ಪಕ್ಕ ಇದ್ದ ಹಬ್ ಅಲ್ಲೇ ನಿರ್ಜೀವ ಆಯ್ತು. ಕಾರಲ್ಲಿ ಹಾಡು ಹಾಕೋಕೆ ಅಂತ ಸ್ಪಾಟಿಫೈ ಮಾರಿದ ಕಾರ್ ಥಿಂಗ್ ಕೂಡ 2024ರ ಡಿಸೆಂಬರ್ 9ಕ್ಕೆ ಹಾಗೇ ನಿಂತೋಯ್ತು. ಇವುಗಳಲ್ಲಿ ಯಾವುದೂ ಬಿದ್ದು ಒಡೆದದ್ದಲ್ಲ, ನೀರಿಗೆ ಬಿದ್ದದ್ದಲ್ಲ, ಹಾರ್ಡ್‌ವೇರ್ ಎಲ್ಲಾ ಸರಿಯಾಗೇ ಇತ್ತು. ಪೂರ್ತಿ ದುಡ್ಡು ಕೊಟ್ಟು ಮನೆ ಕೊಂಡ್ಕೊಂಡು ಬೀಗದಕೈ ಮಾತ್ರ ಮಾರಿದೋರ ಹತ್ರಾನೇ ಬಿಟ್ಟು ಬಂದಹಾಗೆ ಇದು.

ಇನ್ನೊಂದು, ಲಾಂಚ್ ಟೈಮಲ್ಲಿ ಮಾರೋದರಲ್ಲಿ ಅರ್ಧ ಭಾಗ ಬರೀ ಮಾತು. ಸ್ಪೆಸಿಫಿಕೇಷನ್ ಪೇಜನ್ನ ಕೊನೆವರೆಗೂ ಓದಿ ನೋಡಿ, ಮೇಲೆ ದೊಡ್ಡ ಅಕ್ಷರದಲ್ಲಿ ಫೀಚರ್ ಹೆಸರು, ಪಕ್ಕದಲ್ಲಿ ಒಂದು ಚಿಕ್ಕ ನಕ್ಷತ್ರ, ಆ ನಕ್ಷತ್ರ ಹಿಡ್ಕೊಂಡು ಕೆಳಗಿಳಿದ್ರೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ "ಮುಂದಿನ ಅಪ್‌ಡೇಟ್‌ನಲ್ಲಿ ಬರಲಿದೆ, ಕೆಲವು ದೇಶ ಮತ್ತು ಭಾಷೆಗಳಲ್ಲಿ ಮಾತ್ರ" ಅನ್ನೋ ಥರದ ಸಾಲು. ಸಣ್ಣ ಪುಟ್ಟ ಕಂಪನಿ ಮಾತ್ರ ಹೀಗೆ ಅನ್ಕೋಬೇಡಿ. 2024ರ ಜೂನ್‌ನಲ್ಲಿ ಆ್ಯಪಲ್ ತೋರಿಸಿದ ಹೊಸ ಸಿರಿ (ಐಫೋನ್‌ನಲ್ಲಿ ಮಾತಾಡಿ ಕೆಲಸ ಹೇಳೋ ಸಹಾಯಕ), ನಮ್ಮ ಮೇಲ್ ಮೆಸೇಜ್ ಎಲ್ಲಾ ಅರ್ಥ ಮಾಡ್ಕೊಂಡು ಕೆಲಸ ಮಾಡ್ಕೊಡತ್ತೆ ಅಂದಿದ್ದು, ಅದನ್ನೇ ಜಾಹೀರಾತಲ್ಲಿ ಹಾಕಿ ಆ ವರ್ಷದ ಐಫೋನ್ 16 ಮಾರಿದ್ರು, 2025ರ ಮಾರ್ಚ್‌ನಲ್ಲಿ ಇನ್ನೂ ಟೈಮ್ ಬೇಕು ಅಂತ ಮುಂದೂಡಿದ್ರು, ಜಾಹೀರಾತೂ ವಾಪಸ್ ತಗೊಂಡ್ರು. ಅದೊಂದಕ್ಕೋಸ್ಕರವೇ ಫೋನ್ ಬದಲಾಯಿಸಿದೋರು ಏನು ಮಾಡಬೇಕು ಹೇಳಿ. ಹಾಗಾಗಿ ಇವತ್ತು ಡಬ್ಬಿ ಬಿಚ್ಚಿದ್ರೆ ಏನು ಕೆಲಸ ಮಾಡತ್ತೋ ಅಷ್ಟಕ್ಕೆ ಮಾತ್ರ ನಾನು ಬೆಲೆ ಕಟ್ಟೋದು, ಮುಂದೆ ಬರತ್ತೆ ಅನ್ನೋದನ್ನ ಸೊನ್ನೆ ಅಂತ್ಲೇ ಲೆಕ್ಕ ಹಾಕ್ತೀನಿ.

ರಿವ್ಯೂ ನೋಡಿ ತಗೊಂಡ್ರಾಯ್ತಲ್ಲ ಅಂತೀರೇನೋ. ಬಹಳಷ್ಟು ರಿವ್ಯೂ ಮಾಡೋರಿಗೆ ಸೆಟ್ ಲಾಂಚ್‌ಗೆ ಸ್ವಲ್ಪ ದಿನ ಮುಂಚೆ ಸಿಗತ್ತೆ, ಇಂಥ ಹೊತ್ತಿಗಿಂತ ಮುಂಚೆ ಹಾಕಬಾರದು ಅನ್ನೋ ಷರತ್ತಿನ ಮೇಲೆ. ಅವರು ಪ್ರಾಮಾಣಿಕವಾಗೇ ಹೇಳಿದ್ರೂ ಅಷ್ಟು ದಿನದಲ್ಲಿ ಕ್ಯಾಮೆರಾ ಹೇಗಿದೆ, ಸ್ಪೀಡ್ ಹೇಗಿದೆ ಅಂತ ಗೊತ್ತಾಗಬಹುದು ಅಷ್ಟೇ, ಬ್ಯಾಟರಿ ಒಂದೂವರೆ ವರ್ಷದ ನಂತರ ಎಷ್ಟು ಹೊತ್ತು ಬರತ್ತೆ, ರಿಪೇರಿಗೆ ಕೊಟ್ರೆ ಏನಂತಾರೆ, ಇದನ್ನ ಹೇಳೋಕೆ ಅವರಿಗೂ ಸಾಧ್ಯ ಇಲ್ಲ. ನಾನು ಹುಡುಕೋದು ಒಂದು ವರ್ಷ ಬಳಸಿದೋರು ಬರೆದಿದ್ದನ್ನ, ಅದರಲ್ಲೂ ಬೈದಿರೋದನ್ನ ಮೊದಲು ಓದ್ತೀನಿ.

ಬ್ಯಾಟರಿ ಅಂದ್ನಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಲಿಥಿಯಂ ಅಯಾನ್ ಬ್ಯಾಟರಿ ಬಳಸಿದಷ್ಟೂ ಸವೆಯತ್ತೆ, ಬಳಸದೆ ಇಟ್ರೂ ನಿಧಾನಕ್ಕೆ ಸವೆಯತ್ತೆ, ಅದು ಯಾರ ತಪ್ಪೂ ಅಲ್ಲ. ಆದ್ರೆ ಸುಮಾರಷ್ಟು ಇಯರ್‌ಬಡ್, ಉಂಗುರ, ಕನ್ನಡಕದಲ್ಲಿ ಆ ಪುಟಾಣಿ ಬ್ಯಾಟರಿನ ಅಂಟು ಹಾಕಿ ಒಳಗೇ ಮುಚ್ಚಿಬಿಡ್ತಾರೆ, ಬಿಚ್ಚೋಕೆ ಹೋದ್ರೆ ಮುರಿಯೋದೇ ಗ್ಯಾರಂಟಿ, ಹಾಗಾಗಿ ಬ್ಯಾಟರಿ ಸತ್ತ ದಿನ ಚೆನ್ನಾಗಿರೋ ಸ್ಪೀಕರ್, ಮೈಕ್, ಚಿಪ್ ಎಲ್ಲಾ ಒಟ್ಟಿಗೆ ಕಸಕ್ಕೆ ಹೋಗತ್ತೆ. ನನ್ನ ಹತ್ರ ವೈರ್ ಇರೋ ಹಳೇ ಹೆಡ್‌ಫೋನ್ ಇದೆ, ಕಿವಿ ಮೇಲಿನ ಮೆತ್ತೆ ಒಣಗಿ ಕಪ್ಪು ಕಪ್ಪು ಚೂರು ಕೂದಲಿಗೆಲ್ಲಾ ಅಂಟ್ಕೊಳ್ತಿತ್ತು, ಹಳೇದನ್ನ ಕಿತ್ತು ಹೊಸ ಮೆತ್ತೆ ಸುತ್ತ ಎಳೆದು ಕೂರಿಸಿದೆ, ಆಯ್ತು ಅಷ್ಟೇ, ಸೌಂಡ್ ಈಗಲೂ ಮೊದಲಿನಷ್ಟೇ ಚೆನ್ನಾಗಿದೆ. ವಿಶ್ವಸಂಸ್ಥೆಯ ವರದಿ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಸರಿಯಾಗಿ ಸಂಗ್ರಹಿಸಿ ರೀಸೈಕಲ್ ಮಾಡಿದ್ದಕ್ಕೆ ದಾಖಲೆ ಇರೋದು ಶೇ. 22.3 ಮಾತ್ರ. ಅಂಟು ಹಾಕಿ ಮುಚ್ಚಿದ ಡಬ್ಬಿ ನೋಡಿದಾಗೆಲ್ಲಾ ನಂಗೆ ಈ ಲೆಕ್ಕ ನೆನಪಾಗತ್ತೆ.

"ಎಲ್ಲರೂ ನಿಮ್ಮ ಥರ ಕಾಯ್ತಾ ಕೂತ್ರೆ ಹೊಸದನ್ನ ಮಾಡೋರು ಬದುಕೋದು ಹೇಗೆ" ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಕಣ್ಣು ಕಾಣದೋರಿಗೆ ಎದುರಿಗಿರೋ ಬೋರ್ಡ್ ಓದಿ ಹೇಳೋ ಕನ್ನಡಕ ಮೊದಲ ದಿನವೇ ಉಪಯೋಗಕ್ಕೆ ಬರತ್ತೆ ಅಂದ್ರೆ ಅವರು ಖಂಡಿತ ತಗೊಳ್ಳಲಿ, ಅಲ್ಲಿ ಅಗತ್ಯ ಮೊದಲಿಂದ್ಲೇ ಇತ್ತು, ವಸ್ತು ಆಮೇಲೆ ಬಂತು. ನನ್ನ ವಿಷಯದಲ್ಲಿ ಜಾಹೀರಾತು ನೋಡೋವರೆಗೂ ಇಲ್ಲದ ಕೊರತೆ ಜಾಹೀರಾತು ನೋಡಿದ್ಮೇಲೆ ಹುಟ್ಟಿದ್ರೆ ನಾನು ಅದನ್ನ ನಂಬಲ್ಲ. ಕಾದೋರಿಗೆ ಒಳ್ಳೇದೂ ಆಗಿದೆ, ಮೊದಲ ಐಫೋನ್ 2007ರ ಜೂನ್‌ನಲ್ಲಿ 599 ಡಾಲರ್ ಇದ್ದಿದ್ದು ಸೆಪ್ಟೆಂಬರ್‌ಗೆ 399 ಆಯ್ತು.

ನಂಗೆ ಇಷ್ಟ ಆದ ಉದಾಹರಣೆಯೂ ಇದೆ. ಪೆಬಲ್ ಅನ್ನೋ ಸ್ಮಾರ್ಟ್‌ವಾಚ್ ಕಂಪನಿ 2016ರಲ್ಲಿ ಮುಚ್ಚಿತು, 2018ರಲ್ಲಿ ಅದರ ಸರ್ವರ್‌ಗಳೂ ನಿಂತ್ವು, ಆದ್ರೆ ಬಳಸ್ತಿದ್ದೋರೇ ರೆಬಲ್ ಅಂತ ಗುಂಪು ಕಟ್ಕೊಂಡು ತಮ್ಮದೇ ಸರ್ವರ್ ನಡೆಸಿ ವಾಚ್‌ಗಳನ್ನ ಬದುಕಿಸ್ಕೊಂಡ್ರು, ಆ ವಾಚ್‌ನ ಸಾಫ್ಟ್‌ವೇರ್ ಹಕ್ಕು ಕೈ ಬದಲಾಗಿ ಕೊನೆಗೆ ಗೂಗಲ್ ಹತ್ರ ಸೇರಿತ್ತು, 2025ರ ಜನವರಿಯಲ್ಲಿ ಗೂಗಲ್ ಅದರ ಬಹುಪಾಲು ಸೋರ್ಸ್ ಕೋಡನ್ನ, ಅಂದ್ರೆ ಸಾಫ್ಟ್‌ವೇರ್ ಬರೆದಿರೋ ಮೂಲ ಸಾಲುಗಳನ್ನ, ಎಲ್ಲರಿಗೂ ಬಿಟ್ಟುಕೊಟ್ಟಿತು. ಕಂಪನಿ ಹೋದ್ರೂ ಹೀಗೆ ಉಳಿಯೋಕೆ ದಾರಿ ಇರೋ ವಸ್ತು ಅಂದ್ರೆ ನಾನು ಹೊಸದಾದ್ರೂ ಯೋಚನೆ ಮಾಡ್ತೀನಿ.

ನೀವೂ ಆ ಎಐ ಕನ್ನಡಕ ತಗೊಳ್ಳೋ ಯೋಚನೆಯಲ್ಲಿದ್ರೆ ಮೂರು ವಿಷಯ ಕಂಪನಿ ಹತ್ರ ಕೇಳಿ ನೋಡಿ, ನೆಟ್ ಮತ್ತು ಅಕೌಂಟ್ ಇಲ್ಲದೆ ಏನೇನು ನಡೆಯತ್ತೆ, ಅಪ್‌ಡೇಟ್ ಯಾವ ವರ್ಷದವರೆಗೆ ಕೊಡ್ತಾರೆ, ಬ್ಯಾಟರಿ ಹೋದ್ರೆ ಬದಲಾಯಿಸಿ ಕೊಡ್ತಾರಾ. ಬಾಯಿಮಾತಲ್ಲಿ ಬೇಡ, ಬರವಣಿಗೆಯಲ್ಲಿ ಸಿಗತ್ತಾ ನೋಡಿ. ಸಿಕ್ಕಿದ್ರೆ ಇಲ್ಲಿ ಕೆಳಗೆ ಹಾಕಿ, ನಾನೂ ಓದಬೇಕು.